ಗಾಜಿನ ಲೇಸರ್‌ಗೆ ಡಯೋಡಿನ ಬಲ
ದ್ವಿತೀಯ ಪಿಯುಸಿಯಲ್ಲಿ ಡಯೋಡ್ ಪಾಠ ಓದುವಾಗ ಅದರ ದೊಡ್ಡದೊಂದು ಉಪಯೋಗ ನನಗೆ ತಿಳಿಯಿತು.

ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದ 192 ಕಿರಣಗಳ ಲೇಸರ್‌ನಲ್ಲಿ ಬೆಳಕನ್ನು ಬಲಪಡಿಸುವುದು ನಿಯೋಡಿಮಿಯಂ ಬೆರೆಸಿದ ಗಾಜು. 2022ರ ಡಿಸೆಂಬರ್ 5ರಂದು ಅಲ್ಲಿ 2.05 ಮೆಗಾಜೂಲ್ ಲೇಸರ್ ಬೆಳಕಿನಿಂದ 3.15 ಮೆಗಾಜೂಲ್ ಸಮ್ಮಿಳನ ಶಕ್ತಿ ಸಿಕ್ಕಿತು. ಆದರೆ ಲೇಸರ್‌ಗೆ ಬೇಕಾದ ವಿದ್ಯುತ್ ಸುಮಾರು 300 ಮೆಗಾಜೂಲ್. ನಮ್ಮ ಮೆಸ್ಕಾಂ ಬಿಲ್ಲಿನ ಲೆಕ್ಕದಲ್ಲಿ 83 ಯೂನಿಟ್. ಅಂದರೆ ದಕ್ಷತೆ ಶೇ. 1ಕ್ಕಿಂತಲೂ ಕಡಿಮೆ!

ಕಾರಣವೇನು? ಗಾಜಿಗೆ ಶಕ್ತಿ ತುಂಬುವ ಫ್ಲ್ಯಾಶ್‌ಲ್ಯಾಂಪ್ ಎಲ್ಲ ಬಣ್ಣಗಳ ಬೆಳಕನ್ನೂ ಚೆಲ್ಲುತ್ತದೆ. ನಿಯೋಡಿಮಿಯಂ ಕೆಲವನ್ನಷ್ಟೇ ಹೀರುತ್ತದೆ; ಬಹುಪಾಲು ಶಕ್ತಿ ಬಿಸಿಯಾಗಿ ಪೋಲಾಗುತ್ತದೆ. ಕಾದ ಗಾಜು ತಣಿಯಲು ಗಂಟೆಗಟ್ಟಲೆ ಕಾಯಬೇಕು. ವಿದ್ಯುತ್ ಸ್ಥಾವರಕ್ಕಾದರೋ ಲೇಸರ್ ಸೆಕೆಂಡಿಗೆ ಹಲವು ಬಾರಿ ಮಿಂಚಬೇಕು.

ಹೊಸ ವಿನ್ಯಾಸದಲ್ಲಿ ಲ್ಯಾಂಪಿನ ಬದಲು ಲೇಸರ್ ಡಯೋಡ್‌ಗಳಿವೆ. ಅವು ನಿಯೋಡಿಮಿಯಂ ಹೀರುವ ತರಂಗದೂರವನ್ನೇ ಕೊಡುತ್ತವೆ, ಬಾಳಿಕೆಯೂ ಹೆಚ್ಚು. ಗಾಜಿನ ಫಲಕಗಳ ನಡುವೆ ಹೀಲಿಯಂ ಹರಿಸಿ ತಣಿಸುತ್ತಾರೆ. ಡಯೋಡ್‌ಗಳು ಅಗ್ಗವಾಗುವುದೇ ಈಗಿನ ಸವಾಲು. ಅದು ನಮ್ಮ ತಲೆಮಾರಿನ ಕೆಲಸವೂ ಆಗಬಹುದಲ್ಲವೇ?