ನಲ್ಲಿಯ ನೀರಿಗೆ ಒಡೆಯರು ಯಾರು?

ಪಟ್ಟಣಗಳಲ್ಲಿ ವಾಸಿಸುವ ನಾವು ಬೆಳಗಾದೊಡನೆ ನಲ್ಲಿಯನ್ನು ತಿರುಗಿಸುತ್ತೇವೆ. ನೀರು ಬಂದರೆ ಅದರ ವಿಚಾರವನ್ನು ಮರೆತುಬಿಡುತ್ತೇವೆ. ಬಾರದಿದ್ದಾಗ ಮಾತ್ರ ಅದು ಎಲ್ಲಿಂದ ಬರಬೇಕಾಗಿತ್ತು, ಯಾರು ಕಳುಹಿಸಬೇಕಾಗಿತ್ತು ಎಂದು ವಿಚಾರಿಸತೊಡಗುತ್ತೇವೆ. ನೀರು, ವಿದ್ಯುಚ್ಛಕ್ತಿ, ರೈಲು ಮೊದಲಾದ ಅತ್ಯಾವಶ್ಯಕ ಸೇವೆಗಳು ಸರ್ಕಾರದ ಒಡೆತನದಲ್ಲಿರಬೇಕೆ, ಖಾಸಗಿ ಸಂಸ್ಥೆಗಳ ಒಡೆತನದಲ್ಲಿರಬೇಕೆ ಎಂಬ ವಾದವು ಬಹು ಹಳೆಯದು. ಈ ವಾದವು ಸಾಮಾನ್ಯವಾಗಿ ರಾಜಕೀಯ ವೇದಿಕೆಗಳ ಮೇಲೆ ನಡೆಯುತ್ತದೆ. ಆದರೆ ಇದರಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಪರಿಶೀಲಿಸತಕ್ಕ ಸಂಗತಿಗಳೂ ಉಂಟು. ಕೊಳವೆಯ ಗುಣವೇನು, ರೋಗವು ಹರಡುವ ಬಗೆ ಯಾವುದು ಎಂಬುದನ್ನು ತಿಳಿಯದೆ ಒಡೆತನದ ಪ್ರಶ್ನೆಯನ್ನು ತೀರ್ಮಾನಿಸಹೊರಡುವುದು, ನಾಡಿಯನ್ನು ನೋಡದೆ ಔಷಧವನ್ನು ಕೊಟ್ಟಂತೆ. ಈ ದೃಷ್ಟಿಯಿಂದ ಲಂಡನ್ ನಗರದ ನೀರಿನ ಚರಿತ್ರೆಯು ಅತ್ಯಂತ ಬೋಧಪ್ರದವಾದುದು.

ಕೊಳವೆಯ ಗಣಿತ

ಪೇಟೆಯಲ್ಲಿ ಹತ್ತು ಬಟ್ಟೆಯ ಅಂಗಡಿಗಳಿದ್ದರೆ ಕೊಳ್ಳುವವನಿಗೆ ಅನುಕೂಲ. ಒಂದು ಅಂಗಡಿಯಲ್ಲಿ ಬೆಲೆ ಹೆಚ್ಚಾದರೆ ಅವನು ಪಕ್ಕದ ಅಂಗಡಿಗೆ ಹೋಗಬಹುದು. ಈ ಭಯವೇ ವ್ಯಾಪಾರಿಯನ್ನು ಹದ್ದಿನಲ್ಲಿಡುತ್ತದೆ. ನೀರಿನ ವಿಷಯ ಹಾಗಲ್ಲ. ಎರಡು ಸಂಸ್ಥೆಗಳು ಒಂದೇ ಬೀದಿಯಲ್ಲಿ ಪೈಪೋಟಿ ಮಾಡಬೇಕಾದರೆ ಆ ಬೀದಿಯನ್ನು ಎರಡು ಸಲ ಅಗೆದು ಎರಡು ಕೊಳವೆಗಳನ್ನು ಹೂಳಬೇಕು. ಅದರ ಬದಲು ಒಂದೇ ಕೊಳವೆಯ ವ್ಯಾಸವನ್ನು ಎರಡರಷ್ಟು ಮಾಡಿದರೆ ಏನಾಗುವುದೆಂದು ನೋಡೋಣ. ಕೊಳವೆಯ ಸುತ್ತಳತೆ ಎರಡರಷ್ಟಾಗುತ್ತದೆ. ಆದರೆ ನೀರು ಹರಿಯುವ ಅಡ್ಡಕೊಯ್ತದ ವಿಸ್ತೀರ್ಣವು ನಾಲ್ಕರಷ್ಟಾಗುತ್ತದೆ. ಗೋಡೆಯ ಘರ್ಷಣೆಯ ಪ್ರಭಾವವೂ ತಗ್ಗುವುದರಿಂದ, ಅದೇ ಒತ್ತಡದಲ್ಲಿ ಹರಿಯುವ ನೀರು ನಾಲ್ಕರಷ್ಟಕ್ಕಿಂತಲೂ ಹೆಚ್ಚು. ಅಗೆತದ ಖರ್ಚು ಮಾತ್ರ ಅಷ್ಟಾಗಿ ಏರುವುದಿಲ್ಲ. ಆದುದರಿಂದ ಒಂದು ಪ್ರದೇಶಕ್ಕೆ ಒಂದೇ ಸಂಸ್ಥೆಯು ನೀರನ್ನು ಒದಗಿಸುವುದೇ ಅಗ್ಗ. ಇಂತಹ ಸ್ಥಿತಿಯನ್ನು ಅರ್ಥಶಾಸ್ತ್ರಜ್ಞರು ಸ್ವಾಭಾವಿಕ ಏಕಸ್ವಾಮ್ಯವೆಂದು ಕರೆಯುತ್ತಾರೆ.

ಲಂಡನ್ನಿನಲ್ಲಿ ನಡೆದುದೂ ಇದೇ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಹಲವು ಖಾಸಗಿ ಸಂಸ್ಥೆಗಳು ಒಂದೇ ಬೀದಿಯಲ್ಲಿ ಬೇರೆ ಬೇರೆ ಕೊಳವೆಗಳನ್ನು ಹೂಳಿ ಪೈಪೋಟಿಗಿಳಿದುವು. ಎಲ್ಲಕ್ಕೂ ನಷ್ಟವಾಯಿತು. 1817ರ ವೇಳೆಗೆ ಥೇಮ್ಸ್ ನದಿಯ ಉತ್ತರದ ಸಂಸ್ಥೆಗಳು ನಗರವನ್ನು ತಮ್ಮತಮ್ಮಲ್ಲೇ ಹಂಚಿಕೊಂಡು ಪೈಪೋಟಿಯನ್ನು ನಿಲ್ಲಿಸಿಬಿಟ್ಟುವು. ಅಂದಿನಿಂದ ಅಲ್ಲಿನ ಗೃಹಸ್ಥನು ಕೊಟ್ಟ ನೀರನ್ನು ಕುಡಿದು, ಕೇಳಿದ ಹಣವನ್ನು ತೆರಬೇಕಾಯಿತು.

ಮೂರು ಲಕ್ಷ ಜನರ ಮೇಲೆ ನಡೆದ ಪರೀಕ್ಷೆ

ನದಿಯ ದಕ್ಷಿಣದಲ್ಲಿ ಮಾತ್ರ ಎರಡು ಸಂಸ್ಥೆಗಳ ಕೊಳವೆಗಳು ಅನೇಕ ಬೀದಿಗಳಲ್ಲಿ ಅಕ್ಕಪಕ್ಕದಲ್ಲೇ ಉಳಿದಿದ್ದುವು. ಒಂದು ಸದರ್ಕ್ ಮತ್ತು ವಾಕ್ಸ್‌ಹಾಲ್ ಸಂಸ್ಥೆ. ಇನ್ನೊಂದು ಲ್ಯಾಂಬೆತ್ ಸಂಸ್ಥೆ. ಮೊದಲನೆಯದು ನಗರದ ಹೊಲಸೆಲ್ಲ ಬಂದು ಸೇರುವ ಬ್ಯಾಟರ್‌ಸೀ ಎಂಬಲ್ಲಿ ನದಿಯಿಂದ ನೀರನ್ನು ಎತ್ತುತ್ತಿತ್ತು. ಎರಡನೆಯದು 1852ರಲ್ಲಿ ತನ್ನ ನೀರೆತ್ತುವ ಸ್ಥಾನವನ್ನು ನದಿಯ ಮೇಲ್ಭಾಗಕ್ಕೆ, ಸಮುದ್ರದ ಉಬ್ಬರವಾಗಲಿ ನಗರದ ಕೊಳೆಯಾಗಲಿ ತಲುಪದ ಕಡೆಗೆ, ಬದಲಾಯಿಸಿತ್ತು.

1854ರಲ್ಲಿ ಕಾಲರಾ ಮಾರಿಯು ಬಂದಿತು. ಜಾನ್ ಸ್ನೋ ಎಂಬ ವೈದ್ಯನು ಆ ರೋಗವು ಕೆಟ್ಟ ಗಾಳಿಯಿಂದಲ್ಲ, ಕೆಟ್ಟ ನೀರಿನಿಂದ ಹರಡುವುದೆಂದು ನಂಬಿದ್ದನು. ಒಂದೇ ಬೀದಿ, ಒಂದೇ ಗಾಳಿ, ಬಡವರೂ ಬಲ್ಲಿದರೂ ಕಲೆತ ಸುಮಾರು 3,00,000 ಜನರು, ಬೇರೆಯಾದುದು ನೀರೊಂದೇ. ಇದಕ್ಕಿಂತ ಉತ್ತಮವಾದ ಪರೀಕ್ಷೆಯನ್ನು ಯಾವ ಪ್ರಯೋಗಶಾಲೆಯಲ್ಲಿಯೂ ಏರ್ಪಡಿಸುವುದು ಸಾಧ್ಯವಿರಲಿಲ್ಲ. ಆದರೆ ತಮ್ಮ ಮನೆಗೆ ಯಾವ ಸಂಸ್ಥೆಯ ನೀರು ಬರುವುದೆಂಬುದು ಎಷ್ಟೋ ಜನರಿಗೆ ತಿಳಿದೇ ಇರಲಿಲ್ಲ! ಸ್ನೋ ಇದಕ್ಕೆ ರಸಾಯನಶಾಸ್ತ್ರದ ನೆರವನ್ನು ಪಡೆದನು. ಉಪ್ಪಿರುವ ನೀರಿಗೆ ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಹಾಕಿದರೆ ಬಿಳಿಯ ಗಸಿ ಉಂಟಾಗುತ್ತದೆ. ಬ್ಯಾಟರ್‌ಸೀ ನೀರಿನಲ್ಲಿ ಉಬ್ಬರದ ಉಪ್ಪು ಬೆರೆತಿದ್ದಿತು: ಒಂದು ಗ್ಯಾಲನ್ನಿಗೆ 37.9 ಗ್ರೇನ್. ಲ್ಯಾಂಬೆತ್ ನೀರಿನಲ್ಲಿ 0.95 ಗ್ರೇನ್ ಮಾತ್ರ. ಹೀಗೆ ಒಂದೊಂದು ಸಾವಿನ ಮನೆಯ ನೀರನ್ನೂ ಗುರುತಿಸಲಾಯಿತು.

ಮಾರಿಯ ಮೊದಲ ಏಳು ವಾರಗಳ ಲೆಕ್ಕ ಇದು. ಸದರ್ಕ್ ಮತ್ತು ವಾಕ್ಸ್‌ಹಾಲ್ ಸಂಸ್ಥೆಯ 40,046 ಮನೆಗಳಲ್ಲಿ 1,263 ಸಾವುಗಳು; ಎಂದರೆ 10,000 ಮನೆಗಳಿಗೆ 315. ಲ್ಯಾಂಬೆತ್ ಸಂಸ್ಥೆಯ 26,107 ಮನೆಗಳಲ್ಲಿ 98 ಸಾವುಗಳು. ಎಂದರೆ 10,000 ಮನೆಗಳಿಗೆ 37.

ಈ ಅಂಕಿಗಳನ್ನು ಕಂಡು ಖಾಸಗಿ ಒಡೆತನವೇ ಜನರನ್ನು ಕೊಂದಿತೆಂದು ಹೇಳಬಹುದೆ? ಅವಸರ ಸಲ್ಲದು. ಜನರನ್ನು ಕಾಪಾಡಿದ ಲ್ಯಾಂಬೆತ್ ಸಂಸ್ಥೆಯೂ ಖಾಸಗಿಯದೇ. ಅದೂ ಅಲ್ಲದೆ, 1848-49ರಲ್ಲಿ ಚರಂಡಿಗಳ ಹೊಲಸನ್ನು ಥೇಮ್ಸ್ ನದಿಗೆ ತೊಳೆದುಬಿಟ್ಟುದು ಒಂದು ಸಾರ್ವಜನಿಕ ಸಂಸ್ಥೆಯೇ. ಲಂಡನ್ನಿನ ಚರಂಡಿಗಳ ಆಯೋಗ. ನಿಜವಾದ ವ್ಯತ್ಯಾಸವು ನೀರೆತ್ತುವ ಸ್ಥಾನದಲ್ಲಿದ್ದಿತು. 1852ರಲ್ಲಿಯೇ ಪಾರ್ಲಿಮೆಂಟು ಒಂದು ಶಾಸನವನ್ನು ಮಾಡಿ, ಥೇಮ್ಸ್ ನೀರನ್ನು ಉಬ್ಬರವು ತಲುಪದ ಕಡೆಯಿಂದಲೇ ಎತ್ತಬೇಕು, ಸೋಸಬೇಕು ಎಂದು ವಿಧಿಸಿತ್ತು. ಆದರೆ 1855ರವರೆಗೆ ಗಡುವನ್ನು ಕೊಟ್ಟಿತ್ತು. ಆ ಗಡುವಿನ ನಡುವೆಯೇ ಮಾರಿಯು ಬಂದಿತು.

ಕೈಯಿಂದ ಕೈಗೆ

1902ರ ಶಾಸನದಂತೆ ಲಂಡನ್ನಿನ ಎಂಟು ಖಾಸಗಿ ಸಂಸ್ಥೆಗಳ ಕಾರ್ಯವನ್ನು 1904ರಲ್ಲಿ ಒಂದು ಸಾರ್ವಜನಿಕ ಮಂಡಲಿಯು ವಹಿಸಿಕೊಂಡಿತು. 1974ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ನೀರು, ಚರಂಡಿ, ನದಿ ಇವುಗಳನ್ನು ಹತ್ತು ಪ್ರಾದೇಶಿಕ ಅಧಿಕಾರಗಳಿಗೆ ಒಪ್ಪಿಸಲಾಯಿತು. ಸರ್ಕಾರವು ತನ್ನ ಖರ್ಚನ್ನು ಬಿಗಿಹಿಡಿದುದರಿಂದ ಇವುಗಳಿಗೆ ಬಂಡವಾಳ ಸಾಲದಾಯಿತು. 1989ರಲ್ಲಿ ಆ ಹತ್ತನ್ನೂ ಖಾಸಗಿಯವರಿಗೆ ಮಾರಲಾಯಿತು. ಅವುಗಳ ಮೇಲಿದ್ದ ಸುಮಾರು 500 ಕೋಟಿ ಪೌಂಡ್ ಸಾಲವನ್ನು ಸರ್ಕಾರವು ಮನ್ನಾ ಮಾಡಿತು.

ಬಳಿಕ ಹೊಸ ಬಂಡವಾಳ ಬಂದಿತು, ಕುಡಿಯುವ ನೀರಿನ ಗುಣವು ಸುಧಾರಿಸಿತು ಎಂದು ಒಂದು ಪಕ್ಷದವರು ತೋರಿಸುತ್ತಾರೆ. ಆ ಸಂಸ್ಥೆಗಳು ಮತ್ತೆ ಸಾಲಮಾಡಿದುವು, 2023ರ ವೇಳೆಗೆ ಸಾಲವು 6,000 ಕೋಟಿ ಪೌಂಡನ್ನು ಮೀರಿತು, ಪಾಲುದಾರರಿಗೆ ಲಾಭಾಂಶ ಹಂಚಿಕೆಯಾಗುತ್ತಿದ್ದಾಗಲೇ ನದಿಗಳಿಗೆ ಕೊಳೆನೀರು ಹರಿಯಿತು ಎಂದು ಇನ್ನೊಂದು ಪಕ್ಷದವರು ತೋರಿಸುತ್ತಾರೆ. ಎರಡು ಮಾತೂ ದಿಟ. 2025ರಲ್ಲಿ ಬ್ರಿಟಿಷ್ ಸರ್ಕಾರವು, ಬೆಲೆಯನ್ನು ನಿಯಂತ್ರಿಸಲು 1989ರಲ್ಲಿ ಏರ್ಪಟ್ಟ ಸಂಸ್ಥೆಯನ್ನೇ ತೆಗೆದು ಹೊಸದೊಂದನ್ನು ರಚಿಸುವುದಾಗಿ ಪ್ರಕಟಿಸಿತು. ಸ್ಕಾಟ್ಲೆಂಡಿನಲ್ಲಿ ನೀರು ಸಾರ್ವಜನಿಕರ ಕೈ ಬಿಡಲೇ ಇಲ್ಲ. ವೇಲ್ಸಿನಲ್ಲಿ 2001ರಿಂದ ಪಾಲುದಾರರೇ ಇಲ್ಲದ ಸಂಸ್ಥೆಯೊಂದು ನಡೆಸುತ್ತಿದೆ. ಪ್ಯಾರಿಸ್ ನಗರವು ಖಾಸಗಿಯವರಿಗೆ ವಹಿಸಿದ್ದ ನೀರಿನ ಕಾರ್ಯವನ್ನು 2010ರಲ್ಲಿ ತಾನೇ ಹಿಂದಕ್ಕೆ ತೆಗೆದುಕೊಂಡಿತು.

ನಮ್ಮ ನಾಡಿನ ಒಂದು ನಿದರ್ಶನ

ಹುಬ್ಬಳ್ಳಿ-ಧಾರವಾಡದಲ್ಲಿಯೂ ಸ್ನೋನ ಪರೀಕ್ಷೆಯನ್ನು ನೆನಪಿಗೆ ತರುವ ಹೋಲಿಕೆಯೊಂದು ನಡೆದಿದೆ. ಅಲ್ಲಿ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಬರುವ ಏರ್ಪಾಡಾಯಿತು. ಉಳಿದ ವಾರ್ಡುಗಳಿಗೆ ಹಲವು ದಿನಗಳಿಗೊಮ್ಮೆ ಕೆಲವೇ ಗಂಟೆಗಳ ನೀರು. ಎರಡು ಕಡೆಯ ನಲ್ಲಿಗಳ ನೀರನ್ನೂ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮಲದ ಸಂಪರ್ಕವನ್ನು ಸೂಚಿಸುವ ಏಕಾಣುಜೀವಿಗಳು ನಿರಂತರ ನೀರಿನ ಮಾದರಿಗಳಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಬಿಟ್ಟುಬಿಟ್ಟು ಬರುವ ನೀರಿನಲ್ಲಿ ನೂರಕ್ಕೆ 30ಕ್ಕಿಂತಲೂ ಹೆಚ್ಚು. ಕಾರಣವು ಭೌತಶಾಸ್ತ್ರಕ್ಕೆ ಸೇರಿದುದು. ಕೊಳವೆಯಲ್ಲಿ ಒತ್ತಡವಿರುವಷ್ಟು ಕಾಲ ಬಿರುಕುಗಳಿಂದ ನೀರು ಹೊರಗೆ ಸೋರುತ್ತದೆ. ನೀರನ್ನು ನಿಲ್ಲಿಸಿ ಒತ್ತಡವು ಇಳಿದಾಗ ಸುತ್ತಲಿನ ಮಣ್ಣಿನ ಕೊಳೆನೀರು ಒಳಕ್ಕೆ ನುಗ್ಗಬಲ್ಲುದು. ಆ ವಾರ್ಡುಗಳಲ್ಲಿ ಕಾರ್ಯವನ್ನು ನಡೆಸಿದುದು ಕರಾರಿನ ಮೇಲೆ ಬಂದ ಖಾಸಗಿ ಸಂಸ್ಥೆ. ಆದರೆ ಕೊಳವೆಗಳು ಸಾರ್ವಜನಿಕರವು, ಹಣವೂ ಸಾರ್ವಜನಿಕರದು. ಇದನ್ನು ಯಾವ ಪಕ್ಷದ ಜಯವೆಂದು ಎಣಿಸೋಣ?

ಆದುದರಿಂದ ಒಂದೇ ಎಂದು ತೋರುವ ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳು ಅಡಗಿವೆ: ಸ್ವತ್ತು ಯಾರದು? ಅದನ್ನು ನಡೆಸುವವರು ಯಾರು? ನಡೆಸುವವರ ಮೇಲೆ ಕಣ್ಣಿಡುವವರು ಯಾರು? ಮೊದಲನೆಯದಕ್ಕೆ ಬೇರೆ ಬೇರೆ ದೇಶಗಳು ಬೇರೆ ಬೇರೆ ಉತ್ತರಗಳನ್ನು ಕೊಟ್ಟಿವೆ. ಅದು ಜನರು ತಮ್ಮ ಮತದಿಂದ ತೀರ್ಮಾನಿಸಬೇಕಾದ ವಿಷಯ. ಮೂರನೆಯದಕ್ಕೆ ಉತ್ತರವಿಲ್ಲದ ಕಡೆ ಮಾತ್ರ ಒಡೆಯನು ಯಾರಾದರೂ ಕೇಡು ತಪ್ಪದು. ಬೇಡವೆಂದು ಬೇರೆ ಅಂಗಡಿಗೆ ಹೋಗಲಾರದ ಗಿರಾಕಿಗೆ ಅಳತೆಯೊಂದೇ ರಕ್ಷೆ. ಆ ಅಳತೆ ನಡೆಯಬೇಕು, ಅದರ ಫಲವು ಎಲ್ಲರಿಗೂ ತಿಳಿಯಬೇಕು. ಕಟ್ಟಳೆಯು ಕಾಗದದಲ್ಲಿ ಉಳಿಯದೆ ಹೊತ್ತಿಗೆ ಸರಿಯಾಗಿ ಜಾರಿಗೆ ಬರಬೇಕು. ಮೂರು ವರ್ಷದ ಗಡುವಿಗೆ ಲಂಡನ್ನಿನ ಜನರು ತೆತ್ತ ಬೆಲೆ ಎಷ್ಟೆಂಬುದನ್ನು ಸ್ನೋನ ಅಂಕಿಗಳು ಇಂದಿಗೂ ಹೇಳುತ್ತಿವೆ.