ಸುಬ್‌ಹಿ ಕಳೆದು ಹೊರಡಿ: ತುಂಗಭದ್ರೆಯ ಎಡದಂಡೆಗೆ ಮೂರು ದಿನ

ದಸರಾ ರಜೆ ಹತ್ತಿರ ಬಂತೆಂದರೆ ನಮ್ಮ ಮನೆಗಳಲ್ಲಿ ಮಕ್ಕಳ ಪ್ರಶ್ನೆ ಒಂದೇ: ಈ ಸಲ ಎಲ್ಲಿಗೆ? ಉತ್ತರವೂ ಹೆಚ್ಚುಕಡಿಮೆ ಗೊತ್ತಿದ್ದದ್ದೇ. ಊಟಿ, ಮಡಿಕೇರಿ, ಇಲ್ಲವೇ ವಯನಾಡು. ಕೊಪ್ಪಳ ಎಂದು ಯಾರಾದರೂ ಹೇಳಿದರೆ ‘ಅಲ್ಲೇನುಂಟು, ಬರೀ ಬಿಸಿಲು’ ಎಂದು ಮಾತು ಮುಗಿಸಿಬಿಡುತ್ತಾರೆ. ಸೋನಾ ಮಸೂರಿ ಅಕ್ಕಿಯ ಚೀಲದ ಮೇಲೆ ಗಂಗಾವತಿ ಎಂದು ಅಚ್ಚಾಗಿರುವುದನ್ನು ಎಷ್ಟೋ ಮನೆಯವರು ನೋಡಿದ್ದಾರೆ, ಆದರೆ ಆ ಗದ್ದೆಯನ್ನು ನೋಡಿದವರು ಕಡಿಮೆ.

ಕಳೆದ ಕೆಲವು ವರ್ಷಗಳಲ್ಲಿ ನಾವು ಆ ಕಡೆಗೆ ಎರಡು ಸಲ ಹೋಗಿ ಬಂದೆವು. ಒಮ್ಮೆ ಬೆಂಗಳೂರಿನಿಂದ, ಒಮ್ಮೆ ಮಂಗಳೂರಿನಿಂದ. ಈಗ ನಮ್ಮಲ್ಲಿ ಬಹಳ ಮನೆಗಳು ಎರಡು ಕಡೆ ಹಂಚಿಹೋಗಿವೆ. ಉಮ್ಮ ಬಾಪ ಊರಲ್ಲಿ, ಮಕ್ಕಳು ಸೊಸೆಯಂದಿರು ಬೆಂಗಳೂರಲ್ಲಿ. ಬೆಂಗಳೂರಿನಿಂದ ಕೊಪ್ಪಳಕ್ಕೆ ಸುಮಾರು 380 ಕಿಲೋಮೀಟರ್, ಮಂಗಳೂರಿನಿಂದ ನಾನೂರು ಚಿಲ್ಲರೆ. ಇಬ್ಬರೂ ಒಂದೊಂದು ದಿನ ಗಾಡಿ ಓಡಿಸಿದರೆ ಅಲ್ಲೇ ಸೇರಬಹುದು. ಹಾಗಾಗಿ ಇದನ್ನು ಬರೆಯುತ್ತಿದ್ದೇವೆ.

ಮೊದಲು ಹೊರಡುವ ಹೊತ್ತು. ಇಶಾ ನಮಾಝ್ ಮುಗಿಸಿ, ಊಟ ಮಾಡಿ, ರಾತ್ರಿಯಿಡೀ ಓಡಿಸಿ ಬೆಳಗ್ಗೆ ತಲುಪುವುದು ನಮ್ಮವರ ಹಳೆಯ ಅಭ್ಯಾಸ. ಒಂದು ರಾತ್ರಿಯ ರೂಮ್ ಬಾಡಿಗೆ ಉಳಿಯುತ್ತದೆ, ಮಕ್ಕಳು ಮಲಗಿರುತ್ತಾರೆ ಎಂಬ ಲೆಕ್ಕ. ಈ ಲೆಕ್ಕ ನಮಗೆ ಒಪ್ಪಿಗೆಯಿಲ್ಲ. ದಿನವಿಡೀ ಅಂಗಡಿಯಲ್ಲಿ ನಿಂತವನು ರಾತ್ರಿ ಸ್ಟೇರಿಂಗ್ ಹಿಡಿದರೆ ಮೂರು ಗಂಟೆಯ ಹೊತ್ತಿಗೆ ಕಣ್ಣು ಎಳೆಯುತ್ತದೆ. ಚಿತ್ರದುರ್ಗದ ಆಚೆ ಹೆದ್ದಾರಿ ನೇರ, ಗಾಡಿ ತಾನೇ ಓಡುತ್ತದೆ, ಅದೇ ಅಪಾಯ. ಸುಬ್‌ಹಿ ನಮಾಝ್ ಮಾಡಿ ಹೊರಡಿ. ಅಸರ್ ಹೊತ್ತಿಗೆ ತಲುಪುತ್ತೀರಿ, ದಾರಿಯೂ ನೋಡಿದ ಹಾಗಾಯಿತು. ರಾತ್ರಿ ಹೋದವನಿಗೆ ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರಗಳೂ ಕಾಣುವುದಿಲ್ಲ, ಹೊಸಪೇಟೆ ಹತ್ತಿರ ಬಂದಾಗ ಹರಡಿಕೊಂಡು ನಿಲ್ಲುವ ತುಂಗಭದ್ರೆಯ ಹಿನ್ನೀರೂ ಕಾಣುವುದಿಲ್ಲ.

ಬೆಂಗಳೂರಿನಿಂದ ದಾರಿ ಸುಲಭ. ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗದವರೆಗೆ ರಾಷ್ಟ್ರೀಯ ಹೆದ್ದಾರಿ 48. ಅಲ್ಲಿಂದ 50ನೇ ಹೆದ್ದಾರಿ ಹಿಡಿದರೆ ಕೂಡ್ಲಿಗಿ, ಹೊಸಪೇಟೆ. ನದಿ ದಾಟಿದರೆ ಕೊಪ್ಪಳ ಜಿಲ್ಲೆ. ಮಂಗಳೂರಿನವರಿಗೆ ಘಟ್ಟ ಹತ್ತಿ ಶಿವಮೊಗ್ಗ, ಹರಿಹರ, ಹರಪನಹಳ್ಳಿ ಮೇಲೆ ಹೊಸಪೇಟೆ ಒಂದು ದಾರಿ. ಕರಾವಳಿ ಹಿಡಿದು ಅಂಕೋಲಾ, ಯಲ್ಲಾಪುರ, ಹುಬ್ಬಳ್ಳಿ, ಗದಗ ಮೇಲೆ ಬರುವುದು ಇನ್ನೊಂದು, ಸ್ವಲ್ಪ ಉದ್ದ. ಮಳೆ ಪೂರ್ತಿ ನಿಲ್ಲದಿದ್ದರೆ ಯಾವ ಘಾಟಿ ತೆರೆದಿದೆ ಎಂದು ಹಿಂದಿನ ದಿನವೇ ವಿಚಾರಿಸಿ. ಅಜ್ಜಿ ಜೊತೆಗಿದ್ದರೆ ನಾವು ಎರಡನೇ ದಾರಿಯನ್ನೇ ಹೇಳುತ್ತೇವೆ, ತಿರುವು ಕಡಿಮೆ.

ಗಾಡಿಯ ವಿಷಯವೂ ಒಂದು ಮಾತು. ಹತ್ತು ಹದಿನೈದು ಜನ ಆದರೆ ಟೆಂಪೋ ಟ್ರಾವೆಲರ್ ಬೇಕೇ ಬೇಕು. ಬಾಡಿಗೆ ಮಾತಾಡುವಾಗ ಚಾಲಕನ ಬಾಟಾ, ಟೋಲ್ ಸೇರಿದೆಯೋ ಇಲ್ಲವೋ ಕೇಳಿ ಬರೆಸಿಕೊಳ್ಳಿ. ಚಾಲಕನಿಗೆ ಮಲಗಲು ಜಾಗ ಕೊಡಿ, ಗಾಡಿಯ ಸೀಟಿನಲ್ಲಿ ಮಲಗಿಸಬೇಡಿ. ಗೊತ್ತಿದ್ದವರ ಬಿಳಿ ಬೋರ್ಡಿನ ಕಾರನ್ನು ಹಣ ಕೊಟ್ಟು ಬಾಡಿಗೆಗೆ ತರುವ ರೂಢಿ ನಮ್ಮಲ್ಲಿ ಜಾಸ್ತಿ. ಏನಾದರೂ ಆದರೆ ವಿಮೆಯವರು ಕೈ ಎತ್ತುತ್ತಾರೆ. ಆಗ ಉಳಿಸಿದ ಎರಡು ಮೂರು ಸಾವಿರಕ್ಕೆ ಅರ್ಥವಿಲ್ಲ.

ಕಾಲ ಯಾವುದು? ಅಕ್ಟೋಬರಿನಿಂದ ಜನವರಿ. ಮಾರ್ಚ್ ದಾಟಿದರೆ ಬಂಡೆ ಕಾಯ್ದ ಕಾವಲಿಯಂತೆ, ಬೇಸಗೆಯಲ್ಲಿ 40 ಡಿಗ್ರಿ ಮುಟ್ಟುತ್ತದೆ. ದಸರಾ ರಜೆಯಲ್ಲಿ ಹೋದರೆ ಆನೆಗೊಂದಿ, ಸಾಣಾಪುರದ ಬಳಿ ಕಣ್ಣು ಹಾಯಿಸಿದಷ್ಟು ದೂರ ಭತ್ತದ ಹಸಿರು, ಅದರ ನಡುವೆ ಯಾರೋ ಒಟ್ಟಿದ ಹಾಗೆ ಕಂದು ಬಂಡೆಗಳ ಗುಡ್ಡ, ಬದುವಿನ ಮೇಲೆ ತೆಂಗು, ಬಾಳೆ. ನಮ್ಮ ಕರಾವಳಿಯ ಹಸಿರಿನಲ್ಲಿ ಹುಟ್ಟಿ ಬೆಳೆದ ಮಕ್ಕಳೂ ಅಲ್ಲಿ ಬಾಯಿ ಮುಚ್ಚಿ ನೋಡುತ್ತಾ ನಿಂತರು. ಈ ಹಸಿರು ಮಳೆಯದ್ದಲ್ಲ, ಕಾಲುವೆಯದ್ದು. ವಿಜಯನಗರದ ಕಾಲದ ಕಾಲುವೆಗಳು ಇಂದಿಗೂ ಹರಿಯುತ್ತಿವೆ, ಜೊತೆಗೆ ತುಂಗಭದ್ರಾ ಎಡದಂಡೆ ಕಾಲುವೆ. ಎರಡನೇ ಬೆಳೆಗೆ ನೀರು ಬಿಡದ ವರ್ಷ ಜನವರಿಯಲ್ಲಿ ಹೋದರೆ ಬಹಳ ಗದ್ದೆ ಒಣಗಿ ನಿಂತಿರುತ್ತದೆ. ಹಾಗಾಗಿ ದಿನ ಗೊತ್ತು ಮಾಡುವ ಮೊದಲು ಅಲ್ಲಿಯ ಲಾಡ್ಜಿಗೆ ಫೋನ್ ಮಾಡಿ ‘ಕಾಲುವೆಗೆ ನೀರು ಐತೇನ್ರಿ?’ ಎಂದು ಕೇಳಿ.

ಆ ನೀರಿನ ಮೂಲ ಮುನಿರಾಬಾದಿನ ಅಣೆಕಟ್ಟು. ಒಂದು ತುದಿ ಕೊಪ್ಪಳ ಜಿಲ್ಲೆಯಲ್ಲಿ, ಇನ್ನೊಂದು ಹೊಸಪೇಟೆ ಕಡೆ, ಒಟ್ಟು 33 ಗೇಟು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋದದ್ದು ನಿಮಗೆ ನೆನಪಿರಬಹುದು. ಹರಿಯುತ್ತಿದ್ದ ನೀರಿನಲ್ಲೇ ತುಂಡು ತುಂಡಾಗಿ ತಾತ್ಕಾಲಿಕ ಗೇಟು ಇಳಿಸಿ ಜಲಾಶಯ ಉಳಿಸಿದರು. ಅಷ್ಟರಲ್ಲಿ ಎಷ್ಟೋ ನೀರು ಹೊರಗೆ ಹೋಗಿತ್ತು. ಗಂಗಾವತಿ ಹೋಟೆಲಿನಲ್ಲಿ ನಮ್ಮ ಪಕ್ಕ ಕುಳಿತ ಅಲ್ಲಿನ ರೈತರೊಬ್ಬರು ಆ ವಾರ ಊರಿನಲ್ಲಿ ಯಾರಿಗೂ ನಿದ್ದೆ ಇರಲಿಲ್ಲ ಎಂದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಓದುವವರು ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ. ನಮ್ಮ ಹುಡುಗರು ಕಡಲು ಹೊಳೆ ನೋಡಿ ಬೆಳೆದವರು. ನೀರು ಕಂಡರೆ ಅಂಗಿ ಕಳಚುತ್ತಾರೆ, ‘ನೇತ್ರಾವತಿಯಲ್ಲೇ ಈಜಿದ್ದೇವೆ, ಇದೇನು’ ಎನ್ನುತ್ತಾರೆ. ತುಂಗಭದ್ರೆ ಅಲ್ಲಿ ಬಂಡೆಯ ಸಂದಿಯಲ್ಲಿ ಹರಿಯುವ ನದಿ. ಮೇಲೆ ಶಾಂತ, ಕೆಳಗೆ ಗವಿ, ಸುಳಿ. ಅಣೆಕಟ್ಟಿನಿಂದ ನೀರು ಬಿಟ್ಟರೆ ಮಟ್ಟ ಏರುವುದು ತಿಳಿಯುವುದೇ ಇಲ್ಲ. 2025ರ ಫೆಬ್ರವರಿಯಲ್ಲಿ ಹೈದರಾಬಾದಿನಿಂದ ಗೆಳೆಯರ ಜೊತೆ ಬಂದಿದ್ದ ಯುವ ವೈದ್ಯೆಯೊಬ್ಬರು ಸಾಣಾಪುರದ ಬಳಿ ಬಂಡೆಯಿಂದ ನದಿಗೆ ಹಾರಿದರು, ಮತ್ತೆ ಮೇಲೆ ಬರಲಿಲ್ಲ. ಜೊತೆಗಿದ್ದವರ ಮೊಬೈಲಿನಲ್ಲಿ ಆ ಹಾರಾಟ ಚಿತ್ರವಾಗಿ ಉಳಿಯಿತು. ಮುಂದಿನ ತಿಂಗಳೇ ಅದೇ ಊರಿನ ಕಾಲುವೆ ದಂಡೆಯಲ್ಲಿ ರಾತ್ರಿ ಹೊತ್ತು ನಕ್ಷತ್ರ ನೋಡುತ್ತಾ ಕುಳಿತಿದ್ದ ಪ್ರವಾಸಿಗರ ಮೇಲೆ ದುಷ್ಕರ್ಮಿಗಳು ಎರಗಿದರು. ಹೆಣ್ಮಕ್ಕಳ ಮೇಲೆ ಅತ್ಯಾಚಾರವಾಯಿತು, ಕಾಲುವೆಗೆ ತಳ್ಳಲ್ಪಟ್ಟ ಒಬ್ಬ ಯುವಕ ಸತ್ತ. ಊರಿನವರಿಗೇ ಇದರಿಂದ ತಲೆ ತಗ್ಗಿಸುವಂತಾಯಿತು. ಆ ಊರು ಕೆಟ್ಟದ್ದೆಂದು ನಾವು ಹೇಳುವುದಿಲ್ಲ, ನಮ್ಮೂರಲ್ಲೂ ಕತ್ತಲೆಯ ಜಾಗಗಳಿವೆ. ಆದರೆ ಮನೆಮಂದಿ ಸಹಿತ ಹೋಗುವವರು ಮಗ್ರಿಬ್ ಹೊತ್ತಿಗೆ ರೂಮಿಗೆ ಬಂದಿರಬೇಕು. ನದಿಯಲ್ಲಿ ಕಾಲು ತೊಳೆಯಿರಿ, ಇಳಿಯಬೇಡಿ. ಹರಿಗೋಲಿನಲ್ಲಿ ಕೂರುವುದಾದರೆ ಲೈಫ್ ಜಾಕೆಟ್ ಇದ್ದರೆ ಮಾತ್ರ, ಮಕ್ಕಳ ಅಳತೆಯದ್ದು ಇಲ್ಲ ಎಂದರೆ ಮಕ್ಕಳು ದಂಡೆಯಲ್ಲೇ ಇರಲಿ. ಬಂಡೆಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ಸಂಜೆಯ ಮೇಲೆ ಗುಡ್ಡದ ಸೆಲ್ಫಿಗೂ ಹೋಗಬಾರದು.

ಉಳಿಯಲು ಗಂಗಾವತಿ ಅಥವಾ ಕೊಪ್ಪಳ ಪಟ್ಟಣದ ಲಾಡ್ಜ್ ಸಾಕು. ಸಾಣಾಪುರ, ಆನೆಗೊಂದಿಯಲ್ಲಿ ಹೋಮ್‌ಸ್ಟೇಗಳಿವೆ, ಪರವಾನಗಿ ಇದೆಯೇ ಎಂದು ಮೊದಲೇ ಕೇಳಿ. ನದಿ ನಡುವಿನ ವಿರುಪಾಪುರಗಡ್ಡೆಯ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟ್ ಆದೇಶದ ಮೇಲೆ 2020ರಲ್ಲಿ ಕೆಡವಲಾಗಿದೆ. ಹಳೆಯ ವಿಡಿಯೋ ನೋಡಿ ಅಲ್ಲಿಗೆ ಹುಡುಕಿಕೊಂಡು ಹೋಗುವವರು ಈಗಲೂ ಇದ್ದಾರೆ.

ಎರಡನೇ ದಿನ ಪೂರ್ತಿ ಗಂಗಾವತಿ ತಾಲೂಕಿಗೆ. ಬೆಳಗ್ಗೆ ಬಿಸಿಲೇರುವ ಮೊದಲು ಹಿರೇಬೆಣಕಲ್. ಊರಿನಿಂದ ಗುಡ್ಡ ಹತ್ತಬೇಕು, ನೆರಳಿಲ್ಲ, ಅಂಗಡಿಯಿಲ್ಲ. ಒಬ್ಬರಿಗೆ ಎರಡು ಲೀಟರ್ ನೀರು ಬೇಕು, ದಾರಿ ತೋರಿಸಲು ಊರಿನವರೊಬ್ಬರು ಬೇಕು. ಮೇಲೆ ಹೋದರೆ ಎರಡು ಸಾವಿರ ವರ್ಷಕ್ಕೂ ಹಿಂದಿನ ಜನ ಸತ್ತವರಿಗಾಗಿ ಕಟ್ಟಿದ ಕಲ್ಲಿನ ಮನೆಗಳು, ಸುಮಾರು ನಾನೂರು. ಚಪ್ಪಡಿ ನಿಲ್ಲಿಸಿ, ಮೇಲೆ ಚಪ್ಪಡಿ ಹೊದಿಸಿ, ಕೆಲವಕ್ಕೆ ದುಂಡನೆಯ ಕಿಂಡಿ ಬಿಟ್ಟಿದ್ದಾರೆ. ಊರವರು ಮೋರ್ಯರ ಗುಡ್ಡ ಎನ್ನುತ್ತಾರೆ. 2021ರಲ್ಲಿ ಇದು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಹತ್ತು ವರ್ಷ ದಾಟಿದ ಮಕ್ಕಳನ್ನು ಖಂಡಿತ ಕರೆದೊಯ್ಯಿರಿ. ಮಂಡಿನೋವು ಇರುವ ಉಮ್ಮಂದಿರು ಆನೆಗೊಂದಿಯಲ್ಲೇ ಕುಳಿತು ಬಾಳೆನಾರಿನಿಂದ ಚೀಲ, ಬುಟ್ಟಿ ಹೆಣೆಯುವ ಹೆಂಗಸರ ಕೆಲಸ ನೋಡಲಿ, ಅದೂ ಚೆಂದ.

ಆನೆಗೊಂದಿ ಬಳಿಯ ಅಂಜನಾದ್ರಿ ಹನುಮ ಹುಟ್ಟಿದ ಜಾಗವೆಂದು ನಂಬಿ ಜನ ದೂರದೂರದಿಂದ ಬಂದು 575 ಮೆಟ್ಟಿಲು ಹತ್ತುತ್ತಾರೆ. ಡಿಸೆಂಬರಿನ ಹನುಮಮಾಲೆಯ ದಿನಗಳಲ್ಲಿ ಆ ರಸ್ತೆ ತುಂಬಿರುತ್ತದೆ. ಅವರ ಇಬಾದತ್ತಿನ ಹೊತ್ತಿನಲ್ಲಿ ನಾವು ಗಾಡಿ ನುಗ್ಗಿಸಿ ಹಾರ್ನ್ ಹೊಡೆಯುವುದು ಬೇಡ, ದಿನ ಬದಲಿಸಿಕೊಳ್ಳಿ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೂ ಇದೇ ಮಾತು. ಆಗ ಲಾಡ್ಜ್ ಸಿಗುವುದೇ ಕಷ್ಟ.

ಪ್ರಾಣಿ ನೋಡುವ ಆಸೆ ಇದ್ದರೆ ಮಧ್ಯಾಹ್ನ ಎರಡರ ಮೇಲೆ ನದಿಯಾಚೆಯ ದರೋಜಿ ಕರಡಿಧಾಮ. ವೀಕ್ಷಣಾ ಗೋಪುರದಲ್ಲಿ ಸದ್ದಿಲ್ಲದೆ ಕುಳಿತರೆ ಎದುರಿನ ಬಂಡೆಯ ಮೇಲೆ ಕರಡಿಗಳು ಬರುತ್ತವೆ. ದುರ್ಬೀನು ಇದ್ದರೆ ಒಳ್ಳೆಯದು. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ನದಿ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಗಂಗಾವತಿಯ ಬಂಕಾಪುರದಲ್ಲಿ ತೋಳಗಳಿಗೆಂದೇ ಒಂದು ಧಾಮವಾಗಿದೆ. ಈ ಎರಡನ್ನೂ ಮಕ್ಕಳಿಗೆ ಹೇಳಿ ಕೊಡಬಹುದು, ನೋಡಲು ಸಿಗುವುದು ನಸೀಬು. ದರೋಜಿಗೆ ಹೋಗುವ ದಾರಿಯಲ್ಲಿ ಹಂಪಿಯ ಕಡೆ ಇಳಿದರೆ, ಎರಡನೇ ದೇವರಾಯನ ಸೈನ್ಯದಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಎನ್ನುವ ಕಟ್ಟಡ ನೋಡಿ. ಅರಸನ ಪುಣ್ಯಕ್ಕಾಗಿ ಕಟ್ಟಿಸಿದ್ದು ಎಂದು ಶಾಸನದಲ್ಲಿದೆ.

ನಮಾಝಿಗೆ ತೊಂದರೆಯಿಲ್ಲ. ಗಂಗಾವತಿ, ಕೊಪ್ಪಳ, ಕುಷ್ಟಗಿಯಲ್ಲೆಲ್ಲ ಮಸೀದಿಗಳಿವೆ. ಆದರೆ ಅಲ್ಲಿ ಹೆಚ್ಚಿನವರು ಹನಫಿಗಳು, ಅಸರ್ ಬಾಂಗ್ ನಮ್ಮ ಹೊತ್ತಿಗಿಂತ ತಡ. ಮೊಬೈಲಿನಲ್ಲಿ ಶಾಫಿಈ ವೇಳೆ ನೋಡಿಕೊಳ್ಳಿ. ಶುಕ್ರವಾರ ಸುಬ್‌ಹಿ ನಂತರ ಹೊರಡುವುದಾದರೆ ದಾರಿಯಲ್ಲಿ ಜುಮಾ ಸಿಗುವಂತೆ ಲೆಕ್ಕ ಹಾಕಬೇಕು, ಶನಿವಾರ ಹೊರಟರೆ ಆ ಚಿಂತೆಯೇ ಇಲ್ಲ. ಕಸ್ರ್, ಜಂಅ್ ರಿಯಾಯಿತಿಯ ವಿವರ ನಿಮ್ಮ ಮೊಹಲ್ಲಾದ ಉಸ್ತಾದರಲ್ಲಿ ಕೇಳಿ ಹೊರಡಿ. ಅಲ್ಲಿನ ಮುಸ್ಲಿಮರು ಮನೆಯಲ್ಲಿ ಆಡುವುದು ದಖ್ಖನಿ ಉರ್ದು. ನಮ್ಮ ಹುಡುಗರ ಉರ್ದು ಎಷ್ಟೆಂದು ನಿಮಗೆ ಗೊತ್ತು. ಎರಡು ವಾಕ್ಯ ಆದ ಮೇಲೆ ಇಬ್ಬರೂ ಕನ್ನಡಕ್ಕೆ ಬಂದರು. ಅವರದು ‘ಬರ್ರಿ, ಕೂಡ್ರಿ’, ನಮ್ಮದು ‘ಬನ್ನಿ ಮಾರಾಯ್ರೆ’. ಚಹಾ ಕುಡಿಸದೆ ಬಿಡಲಿಲ್ಲ.

ಊಟ? ಹಲಾಲ್ ಮಾಂಸದ ಹೋಟೆಲುಗಳು ಪಟ್ಟಣಗಳಲ್ಲಿವೆ, ಹಳ್ಳಿ ದಾರಿಯಲ್ಲಿ ಇಲ್ಲ. ಅಲ್ಲಿ ಖಾನಾವಳಿಗೆ ಹೋಗಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಮೂರು ದಿನ ಮೀನಿಲ್ಲದೆ ಯಾರೂ ಸಾಯುವುದಿಲ್ಲ. ಕುಚಲಕ್ಕಿ ಬೇಕೇ ಬೇಕೆನ್ನುವ ಹಿರಿಯರಿದ್ದರೆ ಮನೆಯಿಂದ ಒಂದು ಸೇರು ಕಟ್ಟಿಕೊಳ್ಳಿ. ಮೊದಲ ದಿನಕ್ಕೆ ಪತ್ತಿರ್, ಒಣ ಪಲ್ಯ ಸಾಕು.

ಮೂರನೇ ದಿನಕ್ಕೆ ಎರಡು ಆಯ್ಕೆ. ಮಳೆ ಚೆನ್ನಾಗಿದ್ದ ವರ್ಷ ಕುಷ್ಟಗಿ ತಾಲೂಕಿನ ಕಬ್ಬರಗಿಯ ಕಪಿಲತೀರ್ಥ ಜಲಪಾತ. ಮಳೆಗಾಲ ಕಳೆದರೆ ನೀರಿಲ್ಲ, ಕೇಳಿಯೇ ಹೋಗಿ. ನೀರಿಲ್ಲ ಎಂದರೆ ಕೊಪ್ಪಳದ ಕೋಟೆ ಹತ್ತಿ. ಟಿಪ್ಪು ಸುಲ್ತಾನ್ 1786ರಲ್ಲಿ ಇದನ್ನು ವಶಪಡಿಸಿಕೊಂಡು ಫ್ರೆಂಚ್ ಇಂಜಿನಿಯರುಗಳಿಂದ ಭದ್ರ ಮಾಡಿಸಿದ. 1790ರಲ್ಲಿ ಬ್ರಿಟಿಷರೂ ನಿಝಾಮನ ಸೈನ್ಯವೂ ಸೇರಿ ಮುತ್ತಿದರೂ ಗೆಲ್ಲಲು ತಿಂಗಳುಗಳು ಹಿಡಿದವು. ಅದೇ ಪಟ್ಟಣದ ಗವಿಮಠ ಮತ್ತು ಪಾಲ್ಕಿಗುಂಡು ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಹಿಂದಿರುಗುವುದು ಗದಗ ಹುಬ್ಬಳ್ಳಿ ಕಡೆಯಿಂದಾದರೆ ಹಳೆಯ ಯಲಬುರ್ಗಾ ತಾಲೂಕಿನ ಇಟಗಿಯಲ್ಲಿ 1112ರ ಮಹಾದೇವ ದೇವಾಲಯವಿದೆ. ಕಲ್ಲಿನಲ್ಲಿ ಅಂಥ ಸೂಕ್ಷ್ಮ ಕೆಲಸವನ್ನು ನಾವು ಬೇರೆಡೆ ಕಂಡಿಲ್ಲ.

ಬೆಂಗಳೂರಿಗೆ ಮರಳುವವರು ಹೊರಡುವ ಮೊದಲು ಕೊಪ್ಪಳದ ಪಕ್ಕದ ಕಿನ್ನಾಳಕ್ಕೆ ಹೋಗಿ. ಹಗುರ ಮರದಲ್ಲಿ ಕೆತ್ತಿ ಬಣ್ಣ ಬಳಿಯುವ ಗೊಂಬೆ, ಹಣ್ಣು, ಪ್ರಾಣಿಗಳ ಕುಶಲಕಲೆಗೆ ಜಿಐ ಮಾನ್ಯತೆ ಇದೆ, ಕೆಲಸ ಮಾಡುವ ಮನೆಗಳು ಈಗ ಕಡಿಮೆಯಾಗಿವೆ. ನಮ್ಮ ಮಕ್ಕಳು ಮರದ ಮಾವಿನಹಣ್ಣು ತಂದರು, ಮನೆಗೆ ಬಂದ ನೆಂಟರೊಬ್ಬರು ಅದನ್ನು ಕೊಯ್ಯಲು ಚಾಕು ಕೇಳಿದರು. ಹತ್ತು ಗಂಟೆಯೊಳಗೆ ಅಲ್ಲಿಂದ ಬಿಟ್ಟರೆ ಕತ್ತಲಾಗುವ ಮೊದಲು ತುಮಕೂರು ಸಿಗುತ್ತದೆ.