ದಾರ ಕಳಚಿದ ಪಾಠಗಳು

ಹಳೆಯ ಓಲೆಗರಿಯ ಕಟ್ಟನ್ನು ಕಂಡವರಿಗೆ ಗರಿಯಲ್ಲಿ ಕೊರೆದ ಸಣ್ಣ ರಂಧ್ರವೂ ಅದರೊಳಗೆ ಹಾಯ್ದ ದಾರವೂ ನೆನಪಿರಬಹುದು. ದಾರ ಹರಿದು, ಗರಿಯ ಅಂಚಿನ ಸಂಖ್ಯೆ ಅಳಿಸಿಹೋದರೆ, ಒಂದಕ್ಷರವೂ ಕಳೆಯದೆ ಇಡೀ ಕಾವ್ಯವೇ ಕಳೆದುಹೋದಂತೆ. ಗ್ರಂಥಸಂಪಾದನೆಯ ಪಾಠದಲ್ಲಿ ಈ ಮಾತನ್ನು ನಾನು ವರ್ಷವರ್ಷವೂ ಹೇಳುತ್ತ ಬಂದಿದ್ದೇನೆ. ಅದನ್ನು ತಿರುಗಿ ನನಗೇ ಕಲಿಸಿದವಳು ಸರಸಂಬಾದಿಂದ ಬರುವ ಒಬ್ಬ ವಿದ್ಯಾರ್ಥಿನಿ.

ಸರಸಂಬಾ ಆಳಂದ ತಾಲೂಕಿನ ಒಂದು ಗ್ರಾಮ. ಅದು ತೊಗರಿಯ ಸೀಮೆ. ಡಿಸೆಂಬರ್, ಜನವರಿಗಳಲ್ಲಿ ಕಟಾವು, ರಾಶಿ ಎಂದು ಮನೆಮಂದಿಯೆಲ್ಲ ಹೊಲದಲ್ಲಿರುವಾಗ ಮಕ್ಕಳು ಕಾಲೇಜಿಗೆ ತಪ್ಪಿಸಿಕೊಳ್ಳುವುದು ಸಹಜ. ಅಂಥವರಿಗೆ ಅಂತರ್ಜಾಲದ ಪಾಠಗಳು ಆಸರೆಯಾಗಬೇಕು. 2020ರ ಲಾಕ್‌ಡೌನಿನಲ್ಲಿ ಮೊಬೈಲೇ ಪಾಠಶಾಲೆಯಾಯಿತು. 2021ರಲ್ಲಿ ನಮ್ಮ ರಾಜ್ಯದ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ ಕಲಿಕಾ ನಿರ್ವಹಣೆಯ ಜಾಲವ್ಯವಸ್ಥೆಯೂ ಬಂದಿತು. ಅಂದಿನಿಂದ ಟಿಪ್ಪಣಿ, ಧ್ವನಿಮುದ್ರಣ, ವಿಡಿಯೋ, ಪ್ರಶ್ನಪತ್ರಿಕೆಗಳನ್ನು ಕಲಿಕಾ ವೇದಿಕೆಗೆ ಏರಿಸುವುದು ನನ್ನ ದಿನಚರಿಯ ಭಾಗವಾಯಿತು. ಏರಿಸಿದೊಡನೆ ನನ್ನ ಕರ್ತವ್ಯ ಮುಗಿಯಿತೆಂದು ಭಾವಿಸಿದ್ದೆ.

ಹೀಗಿರಲು ಒಂದು ಆಂತರಿಕ ಪರೀಕ್ಷೆಯಲ್ಲಿ ಆ ಹುಡುಗಿಯ ಉತ್ತರಪತ್ರಿಕೆ ಬಹುಮಟ್ಟಿಗೆ ಖಾಲಿಯಾಗಿ ಬಂದಿತು. ತರಗತಿಯಲ್ಲಿ ಮುಂದಿನ ಸಾಲಿನವಳು. ಕರೆದು ವಿಚಾರಿಸಿದೆ. ರಾಶಿಯ ಹದಿನೈದು ದಿನ ಅವಳು ಬಂದಿರಲಿಲ್ಲ. ಮನೆಗೆ ಇರುವುದೊಂದೇ ಮೊಬೈಲು. ಅದು ತಂದೆಯವರೊಡನೆ ಹೊಲಕ್ಕೆ ಹೋಗಿ ಸಂಜೆ ಮರಳುವುದು. ರಾತ್ರಿ ಕುಳಿತು, ಹಿಂದಿನ ವರ್ಷ ಪಠ್ಯದಲ್ಲಿದ್ದು ಈ ವರ್ಷ ಕೈಬಿಟ್ಟಿದ್ದ ಘಟಕವೊಂದನ್ನು ಶ್ರದ್ಧೆಯಿಂದ ಓದಿದ್ದಳು. ಆ ಹಳೆಯ ಟಿಪ್ಪಣಿಗಳನ್ನು ನಾನು ತೆಗೆದಿರಲಿಲ್ಲ.

“ಎಲ್ಲಾ ಅವ ಸರ್,” ಎಂದಳು ಸಂಕೋಚದಿಂದ. “ಆದ್ರ ಯಾವುದು ಮೊದಲ ಓದಬೇಕು, ಯಾವುದು ಬಿಡಬೇಕು, ತಿಳಿಯಂಗಿಲ್ಲ.”

ಆ ರಾತ್ರಿ ನನ್ನ ಪುಟವನ್ನು ವಿದ್ಯಾರ್ಥಿಯ ಕಣ್ಣಿನಿಂದ ನೋಡಿದೆ. ‘ನೋಟ್ಸ್’, ‘ನೋಟ್ಸ್ ಹೊಸದು’, ‘ನೋಟ್ಸ್ ಹೊಸದು 2’ ಎಂಬ ಕಡತಗಳು ಸಾಲಾಗಿ ನಿಂತಿದ್ದವು. ಅವು ಪಾಠಗಳಲ್ಲ, ದಾರ ಕಳಚಿದ ಗರಿಗಳು. ತರಗತಿಯಲ್ಲಿ ಅಧ್ಯಾಪಕನ ಧ್ವನಿಯೇ ದಾರ. ಮೊದಲು ಯಾವುದು, ಅನಂತರ ಯಾವುದು ಎಂಬುದನ್ನು ಅವನ ಮಾತೇ ತಿಳಿಸುತ್ತದೆ. ಅವನಿಲ್ಲದ ಕಡೆ ಆ ಕೆಲಸವನ್ನು ಜೋಡಣೆಯೇ ಮಾಡಬೇಕು.

ಜಗತ್ತಿನಾದ್ಯಂತ ಬಳಕೆಯಲ್ಲಿರುವ ‘ಮೂಡಲ್’ ಎಂಬ ಕಲಿಕಾ ವೇದಿಕೆಯನ್ನು 2002ರಲ್ಲಿ ಹೊರತಂದ ಮಾರ್ಟಿನ್ ಡೂಗಿಯಾಮಸ್ ಅವರು ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿ ಪ್ರದೇಶದಲ್ಲಿ ಬೆಳೆದವರು. ಬಾಲ್ಯದಲ್ಲಿ ರೇಡಿಯೋ ಮೂಲಕ ಪಾಠ ಕೇಳಿ ಕಲಿತವರು. ಕಾಣದ ಗುರುವಿನಿಂದ ಕಲಿಯುವ ಕಷ್ಟ ಅವರಿಗೆ ತಿಳಿದಿತ್ತು. ಅವರ ವೇದಿಕೆಯಲ್ಲಿ ಪಾಠಗಳನ್ನು ವಾರದ ಕ್ರಮದಲ್ಲಿಯೂ ಜೋಡಿಸಬಹುದು, ವಿಷಯದ ಕ್ರಮದಲ್ಲಿಯೂ ಜೋಡಿಸಬಹುದು. ನಾನು ನಮ್ಮ ಕಾಲೇಜಿನ ಪುಟದಲ್ಲಿ ಆರಿಸಿಕೊಂಡಿದ್ದುದು ವಾರದ ಕ್ರಮವನ್ನು. ಅದು ಅಧ್ಯಾಪಕನ ಪಂಚಾಂಗ. ಎರಡು ವಾರ ತಪ್ಪಿದ ವಿದ್ಯಾರ್ಥಿಗೆ ಅದರಲ್ಲಿ ದಾರಿ ಸಿಗುವುದು ಕಷ್ಟ.

ಇದಕ್ಕೆ ಮಾದರಿಯನ್ನು ನಾನು ದೂರ ಹುಡುಕಬೇಕಾಗಿರಲಿಲ್ಲ. ಬೇರೆ ಬೇರೆ ಶರಣರು ನುಡಿದ ಬಿಡಿ ವಚನಗಳನ್ನು 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಅಲ್ಲಮಪ್ರಭುವನ್ನು ಕೇಂದ್ರವಾಗಿಸಿ, ಸಂವಾದದ ರೂಪದಲ್ಲಿ ಹೆಣೆದು ‘ಶೂನ್ಯಸಂಪಾದನೆ’ಯನ್ನು ರಚಿಸಿದನು. ಯಾವ ಮಾತಿಗೆ ಯಾವ ಮಾತು ಉತ್ತರವಾಗುತ್ತದೆ ಎಂಬುದೇ ಅಲ್ಲಿಯ ಸೂತ್ರ. ಅನಂತರದ ಸಂಪಾದಕರು ಅದನ್ನು ಮತ್ತೆ ಮತ್ತೆ ಪರಿಷ್ಕರಿಸಿದರು. ಜೋಡಣೆಯೂ ಒಂದು ವಿದ್ವತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಪಾಠಗಳನ್ನು ಮತ್ತೆ ಕಟ್ಟಲು ಮೂರು ರಾತ್ರಿಗಳು ಹಿಡಿದವು. ಪಠ್ಯಕ್ರಮದ ಘಟಕಕ್ಕೊಂದು ವಿಭಾಗ ಮಾಡಿದೆ. ಎಲ್ಲಕ್ಕೂ ಮೇಲೆ ‘ಇಲ್ಲಿಂದ ಆರಂಭಿಸಿರಿ’ ಎಂಬ ಒಂದು ಪುಟ. ಅದರಲ್ಲಿ ಓದಬೇಕಾದ ಕ್ರಮ, ಬೇಕಾಗುವ ಸಮಯ, ಪರೀಕ್ಷೆಯ ದಿನಾಂಕ. ಕಡತಗಳಿಗೆ 1, 2 ಎಂದು ಹೆಸರಿಟ್ಟರೆ ಯಂತ್ರವು ಎಷ್ಟೋ ವೇಳೆ 1ರ ಬಳಿಕ 10ನ್ನು ಇಟ್ಟು, 2ನ್ನು ಹಿಂದಕ್ಕೆ ತಳ್ಳುತ್ತದೆ. ಆದುದರಿಂದ 01, 02 ಎಂದು ಬರೆದೆ. ಹಳೆಯ ವರ್ಷದ್ದನ್ನು ಮರೆಮಾಡಿದೆ. ದೊಡ್ಡ ವಿಡಿಯೋದ ಪಕ್ಕದಲ್ಲಿ ಅದರ ಸಾರಾಂಶವನ್ನು ಎರಡು ಪುಟಗಳಲ್ಲಿ ಇಟ್ಟೆ, ಸಿಗ್ನಲ್ ದುರ್ಬಲವಾದರೂ ಅದು ತೆರೆಯುತ್ತದೆಂದು. ಹಳೆಯ ಫಾಂಟುಗಳಲ್ಲಿ ಬರೆದಿದ್ದ ಟಿಪ್ಪಣಿಗಳು ಮೊಬೈಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿದ್ದವು. ಅವನ್ನೆಲ್ಲ ಯೂನಿಕೋಡಿಗೆ ತಂದೆ. ಈಗ ‘ಅಲ್ಲಮ’ ಎಂದು ಹುಡುಕಿದರೆ ಅಲ್ಲಮನು ಸಿಗುತ್ತಾನೆ.

ಈ ವಿವೇಕ ನನ್ನ ಸ್ವಂತದ್ದೇನಲ್ಲ. 2017ರಲ್ಲಿ ಆರಂಭವಾದ ಕೇಂದ್ರ ಸರಕಾರದ ‘ಸ್ವಯಂ’ ಜಾಲತಾಣವು ಪ್ರತಿಯೊಂದು ಪಾಠಕ್ಕೂ ವಿಡಿಯೋ, ಓದುವ ಸಾಮಗ್ರಿ, ಸ್ವಪರೀಕ್ಷೆ, ಚರ್ಚೆ ಎಂಬ ನಾಲ್ಕು ಅಂಗಗಳನ್ನು ವಿಧಿಸಿದೆ. ಅದೇ ವರ್ಷ ಬಂದ ‘ದೀಕ್ಷಾ’ದಲ್ಲಿ ಶಾಲೆಯ ಪಠ್ಯಪುಸ್ತಕದೊಳಗೆ ಮುದ್ರಿಸಿದ ಕ್ಯೂಆರ್ ಸಂಕೇತಕ್ಕೆ ಮೊಬೈಲು ಹಿಡಿದರೆ ಆ ಪಾಠದ ಸಾಮಗ್ರಿಯೇ ತೆರೆದುಕೊಳ್ಳುತ್ತದೆ. ಪುಸ್ತಕವೇ ಅಲ್ಲಿ ದಾರ.

ಮುಂದಿನ ಪರೀಕ್ಷೆಯಲ್ಲಿ ಆ ವಿದ್ಯಾರ್ಥಿನಿ ಚೆನ್ನಾಗಿಯೇ ಬರೆದಳು. ಆದರೆ ಕಳೆದುಹೋದ ಆ ಹಿಂದಿನ ಅಂಕಗಳನ್ನು ಯಾವ ಜೋಡಣೆಯೂ ಅವಳಿಗೆ ಮರಳಿಸಲಾರದು. ಅದನ್ನು ನಾನು ಮರೆತಿಲ್ಲ. ಒಂದು ದಿನ ವರಾಂಡದಲ್ಲಿ ಎದುರಾಗಿ, “ಸರ್, ಮೂರನೇ ಘಟಕದಾಗ ಆರು ಅನ್ನೋ ನಂಬರು ಎರಡು ಸಲ ಬಂದದ ನೋಡ್ರಿ,” ಎಂದಳು.

ಅಂದು ಸಂಜೆ ಮನೆಗೆ ಹೋದವನೇ ಅದನ್ನು ತಿದ್ದಿದೆ.